ಕೆರೆ ನೀರಿನ ಹಸಿರು ಅಡುಗೆಯವರು

ನಮ್ಮ ಕಡೆಯ ಊರುಗಳಿಗೆ ನೀರಿನ ನಂಟು ಹೆಚ್ಚು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂತೆನ್ನುತ್ತಾರೆ. ಹಳೇಬೀಡಿನ ಹಳೆಯ ಹೆಸರೇ ದೋರಸಮುದ್ರ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಪ್ರವಾಸಿಗಳು ಹೊಯ್ಸಳರ ಗುಡಿ ನೋಡಿ ಹೋಗುತ್ತಾರೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೆ ಮಾತ್ರ ಗುಡಿಯಷ್ಟೇ ಕೆರೆಯ ನೀರನ್ನೂ ನೋಡುವ ಅಭ್ಯಾಸ.

ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ನೀರು ಹಸಿರಾಗುವುದನ್ನು ನೀವೂ ನೋಡಿರುತ್ತೀರಿ. ಮೆಟ್ಟಿಲಿಗೆ ಅಂಟುವ ಪಾಚಿ, ಎಳೆ ಎಳೆಯಾಗಿ ತೇಲುವ ಪಾಚಿ ಕೈಗೆ ಸಿಗುತ್ತವೆ. ಆದರೆ ನೀರೇ ಬಣ್ಣ ಕಲಸಿದಂತೆ ಹಸಿರಾಗಿದ್ದರೆ, ಅದರಲ್ಲಿ ಕಣ್ಣಿಗೆ ಕಾಣದ ಏಕಕೋಶ ಜೀವಿಗಳು ತುಂಬಿವೆ ಎಂದರ್ಥ. ಅವುಗಳಲ್ಲಿ ಕ್ಲೋರೆಲ್ಲಾ ಒಂದು. ಇದನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿಗೆ ಇನ್ನೂರರಷ್ಟು ಬೇಕಾದೀತು!

ಮಾವಿನ ಮರದ್ದು ದೊಡ್ಡ ಕೂಡುಕುಟುಂಬ. ಬೇರು ನೀರು ತರುತ್ತದೆ, ಎಲೆ ಅಡುಗೆ ಮಾಡುತ್ತದೆ, ಕಾಂಡ ಊಟ ಸಾಗಿಸುತ್ತದೆ. ಕ್ಲೋರೆಲ್ಲಾದ್ದು ಒಬ್ಬನೇ ಇರುವ ಮನೆ. ನೀರು, ಇಂಗಾಲದ ಡೈಆಕ್ಸೈಡ್ ಎರಡೂ ಸುತ್ತಲೇ ಇವೆ. ಒಳಗಿನ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿಯುತ್ತದೆ. ಆ ಶಕ್ತಿಯಿಂದ ಸಕ್ಕರೆ ತಯಾರಾಗುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಯುಗ್ಲೀನಾ ಎಂಬ ಇನ್ನೊಂದು ಜೀವಿ ಮತ್ತೂ ಜಾಣ. ಬೆಳಕಿದ್ದರೆ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಇಲ್ಲದಿದ್ದರೆ ನೀರಿನಲ್ಲಿ ಕರಗಿದ ಆಹಾರವನ್ನು ಹೀರಿ ಬದುಕುತ್ತದೆ.

ಈ ಅಡುಗೆಯ ವಿಧಾನ ಜಗತ್ತಿಗೆ ತಿಳಿಯಲು ಕ್ಲೋರೆಲ್ಲಾ ಕೂಡ ನೆರವಾಯಿತು. ಅಮೆರಿಕದ ಮೆಲ್ವಿನ್ ಕ್ಯಾಲ್ವಿನ್ ಮತ್ತು ಅವರ ಸಂಗಡಿಗರು ಅದಕ್ಕೆ ವಿಕಿರಣಶೀಲ ಇಂಗಾಲವನ್ನು ಕೊಟ್ಟರು. ಕೆಲವೇ ಸೆಕೆಂಡುಗಳಲ್ಲಿ ಬಿಸಿ ಮದ್ಯಸಾರಕ್ಕೆ ಹಾಕಿ, ಇಂಗಾಲ ಎಲ್ಲಿಗೆ ತಲುಪಿದೆ ಎಂದು ಹಂತ ಹಂತವಾಗಿ ಪತ್ತೆ ಮಾಡಿದರು. ಅದಕ್ಕಾಗಿ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು.

ಇಂಥ ಸಣ್ಣ ಜೀವಿಗಳ ಋಣ ನಮ್ಮ ಮೇಲೆ ದೊಡ್ಡದು. ಭೂಮಿಯ ಗಾಳಿಯಲ್ಲಿ ಮೊದಲು ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಸಯನೋಬ್ಯಾಕ್ಟೀರಿಯಾ ಎಂಬ ನೀಲಿ-ಹಸಿರು ಜೀವಿಗಳು ಬಿಟ್ಟ ಆಮ್ಲಜನಕ ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಸೇರತೊಡಗಿತು. ಪಕ್ಕದ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಬಂಡೆಗಳಲ್ಲಿ ಅದಕ್ಕಿಂತಲೂ ಹಳೆಯ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬೆಳೆದ ಗುರುತುಗಳಿವೆ. ಇವತ್ತಿಗೂ ಭೂಮಿಯಲ್ಲಿ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧದಷ್ಟು ಸಮುದ್ರದ್ದು. ಅದರಲ್ಲಿ ಬಹುಪಾಲು ಇಂಥ ಸಣ್ಣ ಜೀವಿಗಳ ದುಡಿಮೆ.

ಹಾಗಾದರೆ ಕೆರೆ ಹಸಿರಾದಷ್ಟೂ ಒಳ್ಳೆಯದೇ? ಅಲ್ಲ. ಒಮ್ಮೆ ಒಂದು ಹಳ್ಳಿಯ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದುದನ್ನು ನಾನು ನೋಡಿದೆ. ಮಧ್ಯಾಹ್ನದೊಳಗೆ ನೂರಾರು ಸತ್ತು ತೇಲಿದವು. ಯಾರೋ ವಿಷ ಹಾಕಿದ್ದಾರೆ ಎಂದು ಜನ ಮಾತಾಡಿಕೊಂಡರು. ವಿಷವೇ ಬೇಕಿಲ್ಲ. ಹೊಲದ ಗೊಬ್ಬರ, ಚರಂಡಿ ನೀರು ಕೆರೆಗೆ ಸೇರಿದರೆ ಈ ಜೀವಿಗಳು ಮಿತಿ ಮೀರಿ ಬೆಳೆಯುತ್ತವೆ. ಹಗಲು ಆಮ್ಲಜನಕ ಕೊಟ್ಟವು ರಾತ್ರಿ ತಾವೂ ಉಸಿರಾಡಬೇಕಲ್ಲ! ಸತ್ತವನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಬೆಳಗಾಗುವ ಹೊತ್ತಿಗೆ ಮೀನಿಗೆ ಏನೂ ಉಳಿದಿರುವುದಿಲ್ಲ. ಕೆಲವು ನೀಲಿ-ಹಸಿರು ಜೀವಿಗಳು ನಂಜನ್ನೂ ಬಿಡುತ್ತವೆ. ಆದ್ದರಿಂದ ಅಜ್ಜ ಅಜ್ಜಿಯರೇ, ಬಣ್ಣದ ಕೆನೆಯಂತೆ ಹಸಿರು ಕಟ್ಟಿದ ನೀರಿಗೆ ದನಕರು ಬಿಡಬೇಡಿ, ಮಕ್ಕಳನ್ನು ಇಳಿಸಬೇಡಿ.

ಮಕ್ಕಳೇ, ಒಂದು ಪ್ರಯೋಗ ಮಾಡಿ. ದೊಡ್ಡವರ ಜೊತೆ ಹೋಗಿ ತಿಳಿಹಸಿರಾದ ನೀರನ್ನು ಎರಡು ಪಾರದರ್ಶಕ ಬಾಟಲಿಗಳಲ್ಲಿ ತನ್ನಿ. ಕೈ ತೊಳೆದುಕೊಳ್ಳಿ. ಮುಚ್ಚಳ ಸಡಿಲವಾಗಿರಲಿ. ಒಂದನ್ನು ಬೆಳಕಿನ ಕಿಟಕಿಯಲ್ಲಿಡಿ, ಇನ್ನೊಂದಕ್ಕೆ ಕಪ್ಪು ಬಟ್ಟೆ ಸುತ್ತಿಡಿ. ಹತ್ತು ದಿನ ಬಿಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯಾವುದರ ಹಸಿರು ಉಳಿಯಿತು, ಯಾವುದರದ್ದು ಮಾಸಿತು ಎಂದು ಬರೆದಿಟ್ಟುಕೊಂಡು ನಿಮ್ಮ ಮೇಷ್ಟರಿಗೆ ತೋರಿಸಿ.