ಫರಸಿ ಮನಿಗೆ ಆಸಿಡ್ ಬ್ಯಾಡ, ಬೂದಿ ತಿಳಿ ಸಾಕು

ನಮ್ಮ ನಂದೂರಿನಲ್ಲಿ ಈಗ ಹಗಲು ಹೊತ್ತು ಮನೆಯಲ್ಲಿ ಉಳಿಯುವವರು ಹೆಚ್ಚಾಗಿ ವಯಸ್ಸಾದವರೇ. ಹರೆಯದವರು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ಕಲಬುರಗಿಗೆ ಕೆಲಸಕ್ಕೆ ಹೋಗುತ್ತಾರೆ. ಕಸ ಹೊಡೆಯುವುದು, ನೆಲ ಒರೆಸುವುದು, ಬಚ್ಚಲು ತಿಕ್ಕುವುದು ಅರವತ್ತು ಎಪ್ಪತ್ತು ದಾಟಿದವರ ಪಾಲಿಗೆ ಬಂದದ. ಹಿಂದಕ್ಕೆ ಬೂದಿ, ಅಂಟವಾಳ, ಸುಣ್ಣದಾಗ ನಡೀತಿದ್ದ ಕೆಲಸಕ್ಕೆ ಈಗ ಆಸಿಡ್ ಬಾಟಲಿ, ಫಿನಾಯಿಲು, ಬ್ಲೀಚಿಂಗ್ ಪೌಡರ್ ಬಂದಾವ. ಇವುಗಳಲ್ಲಿ ಯಾವುದು ಬೇಕು, ಯಾವುದು ಬ್ಯಾಡ ಅನ್ನುವುದನ್ನು ನಮ್ಮ ಮನೆಯಲ್ಲಿ ಮಾಡಿ ನೋಡಿದ್ದರ ಮೇಲೆ ಬರೆಯುತ್ತಿದ್ದೇನೆ.

ಮೊದಲು ಜೀವಕ್ಕೆ ಸಂಬಂಧಿಸಿದ ಮಾತು. ನಮ್ಮ ಓಣಿಯ ಒಬ್ಬ ಮುದುಕಿ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಉಗ್ಗಿ, ಇನ್ನೂ ಚಲೋ ಬೆಳ್ಳಗಾಗಲಿ ಅಂತ ಅದರ ಮ್ಯಾಲೇ ಆಸಿಡ್ ಸುರುವಿದಳು. ಬಾಗಿಲು ಮುಚ್ಚಿತ್ತು. ಕೆಮ್ಮಿ ಕೆಮ್ಮಿ ಹೊರಗ ಬಂದು ಕಟ್ಟಿ ಮ್ಯಾಲ ಕುಂತವಳಿಗೆ ಸಂಜೀತನ ಉಸಿರು ಹತ್ತಲಿಲ್ಲ. ಇವೆರಡೂ ಕೂಡಿದರೆ ಕ್ಲೋರಿನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಾಗ ಜರ್ಮನಿಯವರು ಬೆಲ್ಜಿಯಂ ದೇಶದ ಈಪ್ರ ಎಂಬಲ್ಲಿ ವೈರಿಗಳ ಮೇಲೆ ಬಿಟ್ಟದ್ದು ಇದೇ ಗಾಳಿಯನ್ನು. ಇದು ಸಾದಾ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕುಂತು ತಿಕ್ಕುವವರ ಮೂಗಿಗೆ ನೇರ ಬರುತ್ತದೆ. ದಮ್ಮು ಇದ್ದ ಮುದುಕರಿಗಂತೂ ಹೇಳುವುದೇ ಬೇಡ. ಈ ಎರಡನ್ನು ಯಾವತ್ತೂ ಕೂಡಿಸಬಾರದು, ಒಂದೇ ಮಾಡದಾಗ ಇಡಲೂಬಾರದು.

ಇನ್ನು ನೆಲದ ಮಾತು. ನಮ್ಮ ಭಾಗದ ಮನೆಗಳಿಗೆ ಹಾಕುವುದು ಶಹಾಬಾದ ಫರಸಿ. ಇದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯವರು ಅರೆಯುವುದೂ ಇಂಥದೇ ಸುಣ್ಣದ ಕಲ್ಲು. ಸುಣ್ಣಕ್ಕೂ ಹುಳಿಗೂ ಆಗಿಬರೋದಿಲ್ಲ. ಫರಸಿಯ ಒಂದು ಚೂರಿನ ಮೇಲೆ ಆಸಿಡ್ ಹನಿ ಬಿದ್ದರೆ ಬುರುಬುರು ನೊರೆ ಏಳುತ್ತದೆ. ಅದು ಕೊಳೆ ಹೋಗುವ ನೊರೆ ಅಂತ ಜನ ತಿಳಿದಾರ. ಖರೇ ಅಂದ್ರ ಕಲ್ಲೇ ಕರಗುತ್ತಿರುತ್ತದೆ. ನುಣುಪು ಹೋಗಿ ಮೈಯೆಲ್ಲ ಒರಟಾದ ಮೇಲೆ ಅದರ ಸಂದಿಯಲ್ಲಿ ಕೊಳೆ ಇನ್ನಷ್ಟು ಕೂಡುತ್ತದೆ, ಮತ್ತೆ ಆಸಿಡ್ ಬೇಕಾಗುತ್ತದೆ. ಪೇಟೆಯವರು ‘ನೈಸರ್ಗಿಕ’ ಅಂತ ಹೇಳುವ ಲಿಂಬಿಹಣ್ಣು, ವಿನೆಗರ್ ಕೂಡ ಹುಳಿಯೇ. ನಿಧಾನವಾಗಿ ಅದೇ ಕೆಲಸ ಮಾಡುತ್ತವೆ. ಅವರ ಮನೆಯ ಟೈಲ್ಸಿಗೆ ಅದು ನಡೆದೀತು, ನಮ್ಮ ಫರಸಿಗೆ ನಡೆಯೋದಿಲ್ಲ. ಹುಣಸೆಹಣ್ಣು ಹಿತ್ತಾಳಿ ತಾಮ್ರದ ಕೊಡ ಬೆಳಗಲಿಕ್ಕೆ ಇರಲಿ, ಆದರ ಕೊಡ ಬೆಳಗಿದ ಆ ನೀರನ್ನು ಫರಸಿ ಮೇಲೆ ನಿಲ್ಲಿಸಬೇಡಿ.

ಫರಸಿಗೆ ಹೊಂದುವುದು ಬೂದಿ ತಿಳಿ. ತೊಗರಿ ನಾಡಿನಲ್ಲಿ ತೊಗರಿ ಕಟಿಗಿಗೆ ಬರಗಾಲವಿಲ್ಲ. ಅದರ ಬೂದಿಯನ್ನು ಜರಡಿ ಹಿಡಿದು, ಒಂದು ಡಬ್ಬಿ ಬೂದಿಗೆ ನಾಲ್ಕು ಡಬ್ಬಿ ನೀರು ಹಾಕಿ, ಕಲಕಿ ಒಂದು ರಾತ್ರಿ ಬಿಡಬೇಕು. ಮುಂಜಾನೆ ಮೇಲಿನ ತಿಳಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿಕೊಳ್ಳಿ. ಎರಡು ಬೆರಳ ನಡುವೆ ತಿಕ್ಕಿದರೆ ಜಾರಬೇಕು, ಹಾಗಿದ್ದರೆ ಖಾರ ಇಳಿದದ ಅಂತ ಲೆಕ್ಕ. ಬೂದಿಯೊಳಗಿನ ಪೊಟ್ಯಾಷ್ ಖಾರವೇ ಎಣ್ಣೆ ಜಿಡ್ಡನ್ನು ಬಿಡಿಸುವುದು. ಅರ್ಧ ಬಕೀಟು ನೀರಿಗೆ ಒಂದು ತಂಬಿಗೆ ತಿಳಿ ಹಾಕಿ ಒರೆಸಿ, ಮತ್ತೊಮ್ಮೆ ಬರೀ ನೀರಿನಿಂದ ಒರೆಸಿದರೆ ಆಯಿತು. ಅಡಿಗಿ ಮನಿ ಮಾಡ, ಎಣ್ಣಿ ಡಬ್ಬಿಗೆ ನೀರು ಬೆರೆಸದ ತಿಳಿಯೇ ಬೇಕು. ಅಲ್ಯುಮಿನಿಯಂ ಪಾತ್ರೆಗೆ ಮಾತ್ರ ಹಚ್ಚಬೇಡಿ, ಕಪ್ಪಾಗುತ್ತದೆ. ಪ್ಲಾಸ್ಟಿಕ್ ಹಾಳಿ ಹಾಕಿ ಒಲೆ ಹೊತ್ತಿಸುವವರ ಮನೆಯ ಬೂದಿ ಈ ಕೆಲಸಕ್ಕೆ ಬರೋದಿಲ್ಲ. ವಯಸ್ಸಾದವರ ತೊಗಲು ತೆಳ್ಳಗಿರುತ್ತದೆ, ತಿಳಿಯಲ್ಲಿ ಬಹಳ ಹೊತ್ತು ಕೈ ಇಟ್ಟರೆ ಒಡೆಯುತ್ತದೆ. ಕೈ ತೊಳೆದು ಒಂದಿಷ್ಟು ಎಣ್ಣೆ ಸವರಿಕೊಂಡರೆ ಒಳ್ಳೇದು.

ಬಚ್ಚಲಿಗೆ ಅಂಟವಾಳ. ಇದನ್ನು ಹೇಳಲು ಕಾರಣ ನಮ್ಮ ಬೋರಿನ ನೀರು. ಸುಣ್ಣದ ಕಲ್ಲಿನ ನಡುವಿನಿಂದ ಬರುವ ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಒಡೆದು ಬಿಳಿ ಜಿಗಟಾಗುತ್ತದೆ. ಆ ಜಿಗಟು ಬಚ್ಚಲ ಕಲ್ಲಿಗೆ ಹತ್ತಿ ಜಾರುತ್ತದೆ. ಮುದುಕರು ಬಿದ್ದು ಟೊಂಕದ ಎಲುಬು ಮುರಿದುಕೊಳ್ಳುವುದು ಹೊಲದಾಗಿಗಿಂತ ಬಚ್ಚಲದಾಗ ಹೆಚ್ಚು ಅಂತ ನನಗನಿಸುತ್ತದೆ. ಹಂಗ ಬಿದ್ದವರು ಮತ್ತೆ ಮೊದಲಿನಂತೆ ಅಡ್ಡಾಡಿದ್ದು ನಾನು ಕಂಡದ್ದು ಕಡಿಮೆ. ಅಂಟವಾಳದ ನೊರೆ ಗಡಸು ನೀರಿನಲ್ಲೂ ಏಳುತ್ತದೆ, ಆ ಬಿಳಿ ಜಿಗಟು ಆಗೋದಿಲ್ಲ. ಹತ್ತು ಕಾಯಿ ಒಡೆದು ಬೀಜ ತೆಗೆದು, ಎರಡು ತಂಬಿಗೆ ಬಿಸಿ ನೀರಿನಲ್ಲಿ ರಾತ್ರಿ ನೆನೆಹಾಕಿ, ಹಿಚುಕಿ ಸೋಸಿದರೆ ಮೂರು ದಿನಕ್ಕೆ ಸಾಕು. ಅದರ ಮ್ಯಾಲ ಇಟ್ಟರ ನಾರುತ್ತದೆ. ಕಣ್ಣಿಗೆ ಸಿಡಿದರೆ ಬಹಳ ಉರಿಯುತ್ತದೆ. ಮೀನಿಗೆ ಇದು ವಿಷ, ಮೀನಿದ್ದ ಹೊಂಡಕ್ಕೆ, ಹಳ್ಳಕ್ಕೆ ಈ ನೀರು ಬಿಡಬಾರದು.

ತಿಕ್ಕುವ ರೀತಿಯೂ ಬದಲಾಗಬೇಕು. ಕಡ್ಡಿ ಬರಿಗೆಗೆ ಎದೆ ಮಟ್ಟದ ಬಿದಿರು ಕಟ್ಟಿದರೆ ನಿಂತೇ ತಿಕ್ಕಬಹುದು, ಮೊಣಕಾಲು ಉಳಿಯುತ್ತವೆ. ನೀರು ಹೊರುವುದು ಅರ್ಧ ಬಕೀಟು ಮಾತ್ರ. ತಿಕ್ಕಿದ ಮೇಲೆ ನೀರು ಎಳೆದು ಒಣಗಲು ಬಿಡಬೇಕು. ಬಿಸಿಲು, ಗಾಳಿ ಆಡಿದಲ್ಲಿ ಹಾವಸೆ ಬೆಳೆಯೋದಿಲ್ಲ. ಬಕೀಟು, ನಳಕ್ಕೆ ಕಟ್ಟಿದ ಬಿಳಿ ಪೊರೆ ನೋಡಲು ಚಂದ ಕಾಣೋದಿಲ್ಲ, ಆದರೆ ಅದು ಬರೀ ಸುಣ್ಣ, ಯಾರಿಗೂ ಏನೂ ಮಾಡೋದಿಲ್ಲ. ಅದಕ್ಕಾಗಿ ಆಸಿಡ್ ತರಬೇಡಿ. ಸಂಡಾಸಿಗೂ ಬೂದಿ ತಿಳಿ, ಬರಿಗೆ ಸಾಕು. ಆಸಿಡ್ ಸುರುವಿದರೆ ಗುಂಡಿಯೊಳಗೆ ಹೊಲಸು ಕರಗಿಸುವ ಸೂಕ್ಷ್ಮ ಜೀವಿಗಳೂ ಸಾಯುತ್ತವೆ.

ಗೋಡೆಗೆ ಸುಣ್ಣ ಬಳಿಯುವುದು ರೋಗಾಣು ಕೊಲ್ಲುವ ಒಳ್ಳೆ ಪದ್ಧತಿ. ಆದರೆ ಸುಣ್ಣ ಅರಳಿಸುವ ಕೆಲಸ ಹರೆಯದವರಿಗೇ ಇರಲಿ. ಕುದಿಯುವ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ಬೂದಿ, ಅಂಟವಾಳ ನಂಬಿ ಕೂಡ್ರುವುದು ಸರಿಯಲ್ಲ. ಆಗ ಬ್ಲೀಚಿಂಗ್ ಪೌಡರೇ ಬೇಕು. ಅದೊಂದನ್ನೇ ನೀರಿನಲ್ಲಿ ಕಲಸಿ, ಕಿಟಕಿ ಬಾಗಿಲು ತೆರೆದು, ಗಟ್ಟಿ ಇದ್ದವರು ಹಾಕಬೇಕು. ಆಗ ದಮ್ಮಿನವರನ್ನು ಹೊರಗೆ ಕಟ್ಟೆಗೆ ಕಳಿಸಿರಿ.

ತಿಳಿ ತೆಗೆದ ಮೇಲೆ ಉಳಿದ ಬೂದಿ ರಾಡಿಯನ್ನು ತಿಪ್ಪೆಗೆ ತೆಳ್ಳಗೆ ಹರಡಬಹುದು. ಒಂದೇ ಕಡೆ ಸುರುವಬೇಡಿ, ನಮ್ಮ ಎರೆಭೂಮಿಯಲ್ಲಿ ಖಾರದ ಅಂಶ ಮೊದಲೇ ಜಾಸ್ತಿ.