‘ಅಕ್ಕಾ, ವಿಡಿಯೊ ಚೆನ್ನಾಗಿದೆ, ಆದ್ರೆ ಲೂಪ್ ಅರ್ಥ ಆಗ್ಲಿಲ್ಲ’

ಹಾಸ್ಟೆಲ್‌ನ ಪಕ್ಕದ ಕೋಣೆಯ ಜೂನಿಯರ್ ಹೀಗಂದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ವಿಡಿಯೊಗಾಗಿ ನಾನು ಎರಡು ವಾರಾಂತ್ಯ ಕಳೆದಿದ್ದೆ. ಸಿ ಪ್ರೋಗ್ರಾಮಿಂಗ್‌ನ ‘ಫಾರ್ ಲೂಪ್’ ಬಗ್ಗೆ ಕನ್ನಡದಲ್ಲೇ 38 ನಿಮಿಷ ಮಾತಾಡಿದ್ದೆ. ಶುರುವಿಗೆ ತಿರುಗುವ ಅಕ್ಷರಗಳು, ಕೊನೆವರೆಗೂ ಹಿನ್ನೆಲೆ ಸಂಗೀತ, 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ರೂಪಿಸಿದ ಕಥೆ, ಎಲ್ಲವೂ ಅದರಲ್ಲಿದ್ದವು. ಇಲ್ಲದಿದ್ದದ್ದು ಲೂಪ್ ಮಾತ್ರ!

ಅವಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ಇಂಟರ್ನಲ್ಸ್‌ನಲ್ಲಿ ಸಿ ಕೈಕೊಟ್ಟಿತ್ತು. ‘ನಂಗೆ ಎಂಜಿನಿಯರಿಂಗ್ ಆಗಿಬರಲ್ಲ ಅಕ್ಕಾ, ಊರಿಗೆ ಹೋಗಿ ಬಿಎಸ್ಸಿ ಸೇರ್ತೀನಿ’ ಅನ್ನುತ್ತಿದ್ದಳು. ಎರಡನೇ ಇಂಟರ್ನಲ್ಸ್‌ಗೆ ಮೂರೇ ವಾರ ಉಳಿದಿತ್ತು.

ಮರುದಿನ ಅವಳ ಪಕ್ಕ ಕೂತು, ಒಂದೂ ಮಾತಾಡದೆ, ಅವಳು ನನ್ನ ವಿಡಿಯೊ ನೋಡುವುದನ್ನು ನೋಡಿದೆ. ತೆರೆಯ ಮೇಲೆ ಇಂಗ್ಲಿಷ್ ವ್ಯಾಖ್ಯಾನ ಬಂದ ಕೂಡಲೇ ಅವಳು ಮುಂದೆ ಬಾಗಿ ತುಟಿಯಾಡಿಸುತ್ತಾ ಓದತೊಡಗಿದಳು. ಅಷ್ಟರಲ್ಲಿ ನನ್ನ ಮಾತು ಎಲ್ಲೋ ಹೋಗಿರುತ್ತಿತ್ತು. ಕೋಡ್ ಒಂದು ಸ್ಲೈಡ್‌ನಲ್ಲಿ, ಅದರ ಚಿತ್ರ ಮುಂದಿನ ಸ್ಲೈಡ್‌ನಲ್ಲಿ. ಚಿತ್ರ ಬಂದಾಗ ಕೋಡ್ ಮರೆತು ಮತ್ತೆ ಹಿಂದಕ್ಕೆ ಎಳೆಯುತ್ತಿದ್ದಳು. ಮೊದಲ ಹನ್ನೊಂದು ನಿಮಿಷ ಮುಗಿಸುವಷ್ಟರಲ್ಲಿ ಒಂಬತ್ತು ಸಲ ಹಿಂದಕ್ಕೆ ಹೋಗಿದ್ದಳು.

ಇದನ್ನು ನಮ್ಮ ಲೆಕ್ಚರರ್ ಒಬ್ಬರ ಬಳಿ ಹೇಳಿಕೊಂಡಾಗ ಅವರು ರಿಚರ್ಡ್ ಮೇಯರ್ ಅವರನ್ನು ಓದಲು ಹೇಳಿದರು. ಮೇಯರ್ ಅಮೆರಿಕದ ಸಾಂಟಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ. ಮಾತು ಮತ್ತು ಚಿತ್ರ ಸೇರಿದಾಗ ನಾವು ಹೇಗೆ ಕಲಿಯುತ್ತೇವೆ ಎಂಬುದನ್ನು ದಶಕಗಳ ಕಾಲ ಪ್ರಯೋಗ ಮಾಡಿ ನೋಡಿದವರು. ಅವರ ‘ಮಲ್ಟಿಮೀಡಿಯಾ ಲರ್ನಿಂಗ್’ ಪುಸ್ತಕ 2001ರಲ್ಲಿ ಬಂತು.

ಅವರ ಮಾತನ್ನು ನಾನು ನಮ್ಮೂರ ಬಸ್ಸಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ತಲೆಗೆ ಎರಡು ಬಾಗಿಲು: ಕಣ್ಣು ಮತ್ತು ಕಿವಿ. ಒಳಗಿನ ಸೀಟು ಬಹಳ ಕಡಿಮೆ. ಹೊಸಬರಿಗಂತೂ ಪ್ರತಿ ಪದವೂ ಹೊಸ ಪ್ರಯಾಣಿಕ. ನಾನು ಚಿತ್ರ ಮತ್ತು ಉದ್ದನೆಯ ಬರಹವನ್ನು ಕಣ್ಣಿನ ಬಾಗಿಲಲ್ಲೇ ನುಗ್ಗಿಸುತ್ತಿದ್ದೆ, ಅದೇ ಬರಹವನ್ನು ಓದಿ ಕಿವಿಯಲ್ಲೂ ತುಂಬುತ್ತಿದ್ದೆ. ಸಂಗೀತ ಮತ್ತು ರಿಚಿ ಕಥೆ ಸೀಟು ಹಿಡಿದು ಕೂತಿದ್ದವು. ಲೂಪ್ ಹತ್ತಲು ಜಾಗವೇ ಇರಲಿಲ್ಲ.

ಹಾಗಾಗಿ ಎರಡನೇ ಸಲ ಸೇರಿಸುವ ಬದಲು ತೆಗೆಯುತ್ತಾ ಹೋದೆ. ಸಂಗೀತ, ಕುಣಿಯುವ ಅಕ್ಷರ, ಇತಿಹಾಸ ಎಲ್ಲಕ್ಕೂ ಕತ್ತರಿ. ಕೋಡ್ ಮತ್ತು ಚಿತ್ರ ಒಂದೇ ತೆರೆಯಲ್ಲಿ, ಅಕ್ಕಪಕ್ಕ. ಮೌಸ್ ಸುಮ್ಮನೆ ಅಲೆಯುವುದು ನಿಂತಿತು. ಯಾವ ಸಾಲಿನ ಬಗ್ಗೆ ಮಾತಾಡುತ್ತೇನೋ ಆ ಸಾಲಿಗೆ ಮಾತ್ರ ಹಳದಿ ಬಣ್ಣ.

ಒಂದು ವಿಡಿಯೊ ಐದಾಯಿತು. ಮೊದಲನೆಯದರಲ್ಲಿ ವೇರಿಯಬಲ್, ಕಂಡಿಷನ್, ಇನ್‌ಕ್ರಿಮೆಂಟ್ ಎಂಬ ಪದಗಳ ಪರಿಚಯವಷ್ಟೇ. ಪಾತ್ರಗಳ ಹೆಸರು ಗೊತ್ತಾದ ಮೇಲಲ್ಲವೇ ನಾಟಕ ನೋಡುವುದು? ಎರಡನೆಯದರಲ್ಲಿ ಶಾಲೆಯ ಮೈದಾನ: ‘ಐದು ಸುತ್ತು ಓಡು’ ಅಂತ ಪಿ.ಟಿ. ಮೇಷ್ಟ್ರು ಎಣಿಸುವ ಹಾಗೆ, ಎಣಿಕೆ ಒಂದರಿಂದ ಶುರು, ಐದು ದಾಟಿತಾ ನೋಡು, ಓಡು, ಎಣಿಕೆ ಒಂದು ಹೆಚ್ಚಿಸು. ಮೂರನೆಯದರಲ್ಲಿ 1ರಿಂದ 5ರವರೆಗಿನ ಮೊತ್ತ. ಪ್ರತಿ ಸುತ್ತಿಗೂ ಮೊತ್ತ 1, 3, 6, 10, 15 ಆಗುವುದನ್ನು ನೋಟ್‌ಬುಕ್‌ನಲ್ಲಿ ಸ್ಕೆಚ್ ಪೆನ್‌ನಿಂದ ಬರೆಯುತ್ತಾ ತೋರಿಸಿದೆ. ನಾಲ್ಕನೆಯದರಲ್ಲಿ ಕೋಡ್, ಐದನೆಯದರಲ್ಲಿ ಎಲ್ಲರೂ ಮಾಡುವ ತಪ್ಪುಗಳು.

ಪ್ರತಿಯೊಂದೂ ಆರು ನಿಮಿಷದೊಳಗೆ. ಈ ಲೆಕ್ಕ ಸಿಕ್ಕಿದ್ದು ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಎಡೆಕ್ಸ್ ಆನ್‌ಲೈನ್ ಕೋರ್ಸ್‌ಗಳ ವಿಡಿಯೊಗಳನ್ನು ವಿದ್ಯಾರ್ಥಿಗಳು 69 ಲಕ್ಷ ಸಲ ನೋಡಿದ ದಾಖಲೆಯನ್ನು ಅವರು ಜಾಲಾಡಿದ್ದರು. ಚಿಕ್ಕ ವಿಡಿಯೊಗಳೇ ವಿದ್ಯಾರ್ಥಿಗಳನ್ನು ಹೆಚ್ಚು ಹಿಡಿದಿಟ್ಟಿದ್ದವು.

ಮಾತೂ ಬದಲಾಯಿತು. ಮೊದಲ ವಿಡಿಯೊದಲ್ಲಿ ‘ಇಲ್ಲಿ ಪುನರಾವರ್ತನೆ ಮಾಡಲಾಗುತ್ತದೆ’ ಎಂದಿದ್ದೆ. ಈಗ ‘ನೋಡು, ಮತ್ತೆ ಮೇಲಕ್ಕೆ ಹೋಗ್ತೀವಿ’ ಅಂದೆ. ಎದುರಿಗಿರುವವರ ಜೊತೆ ಹರಟುವ ಹಾಗೆ ಹೇಳಿದರೆ ಕಲಿಕೆ ಸುಲಭ ಎಂದು ಮೇಯರ್ ಕೂಡ ಹೇಳುತ್ತಾರೆ.

ಇಷ್ಟಾದರೂ ಒಂದು ಕಡೆ ಎಡವಿದೆ. ಚಿತ್ರವಿದ್ದು ಮಾತೂ ಇದ್ದಾಗ ಅದೇ ಮಾತನ್ನು ತೆರೆಯ ಮೇಲೆ ಬರೆಯಬೇಡಿ ಎಂಬುದು ಅವರ ಒಂದು ಸೂತ್ರ. ನಾನು ಅದನ್ನು ನಂಬಿ ಬರಹವನ್ನೆಲ್ಲಾ ಅಳಿಸಿದ್ದೆ. ಜೂನಿಯರ್ ಲೂಪ್ ಅನ್ನು ಚೆನ್ನಾಗಿ ವಿವರಿಸಿದಳು. ಆದರೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟಾಗ ಇಂಗ್ಲಿಷಿನಲ್ಲಿದ್ದ ‘ಇನಿಷಿಯಲೈಸೇಷನ್’ ಪದ ನೋಡಿ ತಡವರಿಸಿದಳು. ‘ಇದೇನಾ ಅಕ್ಕಾ ನೀವು ಹೇಳಿದ್ದು?’ ಕಿವಿಗೆ ಪರಿಚಯವಾಗಿದ್ದ ಪದ ಕಣ್ಣಿಗೆ ಅಪರಿಚಿತವಾಗಿತ್ತು.

ಮತ್ತೆ ಓದಿದೆ. ಆ ಸೂತ್ರಕ್ಕೂ ಮಿತಿಗಳಿವೆ. ಒಂದೆರಡು ಮುಖ್ಯ ಪದಗಳನ್ನು ಚಿತ್ರದ ಪಕ್ಕದಲ್ಲೇ ಇಟ್ಟರೆ, ಅಥವಾ ಪದಗಳು ಕಲಿಯುವವರ ಮಾತೃಭಾಷೆಯದ್ದಲ್ಲದಿದ್ದರೆ, ಬರಹ ನೆರವಾಗಬಹುದು. ಕನ್ನಡದಲ್ಲಿ ಕೇಳಿ ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಪ್ರತಿ ಚಿತ್ರದ ಪಕ್ಕ ಒಂದೇ ಒಂದು ಇಂಗ್ಲಿಷ್ ಪದ ಇಟ್ಟು ಮೂರನೇ ಸಲ ರೆಕಾರ್ಡ್ ಮಾಡಿದೆ. ಸೂತ್ರ ಓದಿದರೆ ಸಾಲದು, ನೋಡುವವರು ಯಾರೆಂದೂ ಗೊತ್ತಿರಬೇಕು.

ಇದಕ್ಕೆಲ್ಲಾ ಸ್ಟುಡಿಯೊ ಬೇಕಿಲ್ಲ. ಮೈಕ್ ಇರುವ ಇಯರ್‌ಫೋನ್, ತೆರೆ ರೆಕಾರ್ಡ್ ಮಾಡಲು ಉಚಿತವಾಗಿ ಸಿಗುವ ಒಬಿಎಸ್ ತಂತ್ರಾಂಶ, ರಾತ್ರಿ ಫ್ಯಾನ್ ಆರಿಸಿಕೊಂಡು ಬೆವರುವ ತಾಳ್ಮೆ ಇದ್ದರೆ ಆಯಿತು. ನೀವು ಸ್ಪರ್ಧಾತ್ಮಕ ಪರೀಕ್ಷೆಯ ಗೆಳೆಯರಿಗೆ ಶೇಕಡಾವಾರು ಲೆಕ್ಕ ಹೇಳಿಕೊಡಿ, ತಂಗಿಗೆ ಎಕ್ಸೆಲ್ ಹೇಳಿಕೊಡಿ, ವಿಡಿಯೊ ಹಂಚುವ ಮೊದಲು ಹೊಸಬರೊಬ್ಬರ ಪಕ್ಕ ಕೂತು, ಬಾಯಿ ಮುಚ್ಚಿಕೊಂಡು, ಅವರು ಎಲ್ಲಿ ಹಿಂದಕ್ಕೆ ಹೋಗುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ತಿದ್ದಬೇಕಾದ ಜಾಗ ಅದೇ.

ಎರಡನೇ ಇಂಟರ್ನಲ್ಸ್‌ನಲ್ಲಿ ಲೂಪ್ ಪ್ರಶ್ನೆ ಬಂತು. ಅವಳಿಗೆ ಪೂರ್ತಿ ಅಂಕ ಬರಲಿಲ್ಲ, ಒಂದು ಸೆಮಿಕೋಲನ್ ಮರೆತಿದ್ದಳು. ಆದರೆ ಬಿಎಸ್ಸಿಯ ಮಾತು ಆಮೇಲೆ ಕೇಳಿಸಿಲ್ಲ. ಮೊನ್ನೆ ಮೆಸ್‌ನಲ್ಲಿ ಸಿಕ್ಕಿದವಳು, ‘ಅಕ್ಕಾ, ಪಾಯಿಂಟರ್ಸ್ ವಿಡಿಯೊ ಯಾವಾಗ ಮಾಡ್ತೀರಾ?’ ಅಂದಳು.

ಮಾಡಬೇಕು. ಅದಕ್ಕೂ ಮೊದಲು ಪಾಯಿಂಟರ್ಸ್ ನನಗೇ ಸರಿಯಾಗಿ ಅರ್ಥವಾಗಬೇಕು!