ಒಂದು ದಿನದ ಲೆಕ್ಕ

ಪ್ರತಿ ವರ್ಷವೂ ನವೆಂಬರು ೨೬ನೆಯ ತಾರೀಖು ಬಂದಿತೆಂದರೆ ಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ಒಂದು ಮಾತು ತಪ್ಪದೆ ಕೇಳಿಬರುವುದು. ನಮ್ಮ ಸಂವಿಧಾನದ ರಚನೆಗೆ ಎರಡು ವರ್ಷ, ಹನ್ನೊಂದು ತಿಂಗಳು, ಹದಿನೆಂಟು ದಿನಗಳು ಹಿಡಿದವೆಂದು ಭಾಷಣಕಾರರು ಹೇಳುವರು. ಆದರೆ ೧೯೪೯ನೆಯ ನವೆಂಬರು ೨೫ರಂದು ಸಂವಿಧಾನ ರಚನಾ ಸಭೆಯ ಮುಂದೆ ನಿಂತು ಡಾಕ್ಟರ್ ಅಂಬೇಡಕರರು ಕೊಟ್ಟ ಲೆಕ್ಕದಲ್ಲಿ ದಿನಗಳು ಹದಿನೇಳು. ಹಾಗಾದರೆ ತಪ್ಪಿದವರು ಯಾರು? ನಾವು ಪಂಚಾಂಗವನ್ನು ಮುಂದಿಟ್ಟುಕೊಂಡು ಎಣಿಸಿ ನೋಡಿದೆವು. ಯಾರೂ ತಪ್ಪಿಲ್ಲವೆಂಬುದೇ ನಮಗೆ ದೊರೆತ ಉತ್ತರ.

ಸಭೆಯು ಮೊದಲು ಸೇರಿದ್ದು ೧೯೪೬ನೆಯ ಡಿಸೆಂಬರು ೯ರಂದು. ೧೯೪೯ನೆಯ ನವೆಂಬರು ೯ಕ್ಕೆ ಎರಡು ವರ್ಷ ಹನ್ನೊಂದು ತಿಂಗಳು ಕಳೆದವು. ಅಲ್ಲಿಂದ ೨೫ಕ್ಕೆ ಕಳೆದ ದಿನಗಳು ಹದಿನಾರು. ತೊಡಗಿದ ದಿನವನ್ನೂ ಸೇರಿಸಿಕೊಂಡರೆ ಹದಿನೇಳು. ಸಂವಿಧಾನವು ಅಂಗೀಕೃತವಾದ ೨೬ಕ್ಕೆ ಕಳೆದ ದಿನಗಳು ಹದಿನೇಳು. ತೊಡಗಿದ ದಿನವೂ ಸೇರಿದರೆ ಹದಿನೆಂಟು. ವ್ಯತ್ಯಾಸವು ಕೂಡುವ ಕಳೆಯುವ ವಿದ್ಯೆಯಲ್ಲಿಲ್ಲ. ಎರಡು ತುದಿಗಳಲ್ಲಿ ಯಾವ ದಿನವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಇರುವುದು.

ವರ್ಷ ತಿಂಗಳುಗಳನ್ನು ಬಿಟ್ಟು ಬರಿಯ ದಿನಗಳನ್ನೇ ಎಣಿಸಬಯಸುವ ವಾಚಕರಿಗೆ ಕ್ರಮವು ಸುಲಭವಾಗಿದೆ. ೧೯೪೬ರ ಡಿಸೆಂಬರು ೯ರಿಂದ ೧೯೪೭ರ ಅದೇ ತಾರೀಖಿಗೆ ೩೬೫ ದಿನ. ೧೯೪೮ ಅಧಿಕವರ್ಷವಾದುದರಿಂದ ಮುಂದಿನ ಡಿಸೆಂಬರು ೯ಕ್ಕೆ ೩೬೬. ಆಮೇಲೆ ಆ ಡಿಸೆಂಬರಿನಲ್ಲಿ ಉಳಿದ ೨೨, ಜನವರಿಯಿಂದ ಅಕ್ಟೋಬರಿನವರೆಗೆ ೩೦೪, ನವೆಂಬರಿನ ೨೬. ಒಟ್ಟು ೧,೦೮೩. ಲೆಕ್ಕವು ಸರಿಯೋ ಎಂಬುದನ್ನು ವಾರವು ಹೇಳುವುದು. ೧,೦೮೩ನ್ನು ಏಳರಿಂದ ಭಾಗಿಸಿದರೆ ಶೇಷ ಐದು. ಸಭೆ ಸೇರಿದ ಸೋಮವಾರದಿಂದ ಐದು ದಿನ ಮುಂದೆ ಸರಿದರೆ ಶನಿವಾರ. ೧೯೪೯ರ ನವೆಂಬರು ೨೬ ಶನಿವಾರವೇ ಆಗಿದ್ದಿತು. ಇವು ಕಳೆದ ದಿನಗಳು. ಎರಡು ತುದಿಗಳನ್ನೂ ಹಿಡಿದರೆ ೧,೦೮೪ ಎನ್ನಬೇಕು.

ನಮ್ಮ ಪೂರ್ವಿಕರಾದ ಜ್ಯೋತಿಷಿಗಳು ಇದಕ್ಕಿಂತಲೂ ನೇರವಾದ ದಾರಿಯನ್ನು ಕಂಡುಕೊಂಡಿದ್ದರು. ಕ್ರಿಸ್ತಪೂರ್ವ ೩೧೦೨ನೆಯ ಫೆಬ್ರವರಿ ೧೮ಕ್ಕೆ ಸರಿಹೊಂದುವ ಕಲಿಯುಗಾದಿಯಿಂದ ದಿನಗಳನ್ನು ಒಂದೇ ಸಾಲಾಗಿ ಎಣಿಸಿ, ಆ ಮೊತ್ತಕ್ಕೆ ಅಹರ್ಗಣವೆಂದು ಹೆಸರಿಟ್ಟರು. ಎರಡು ದಿನಗಳ ಅಹರ್ಗಣಗಳು ಗೊತ್ತಿದ್ದರೆ ಒಂದನ್ನು ಇನ್ನೊಂದರಿಂದ ಕಳೆದರಾಯಿತು. ತಿಂಗಳಿಗೆ ಮೂವತ್ತೋ ಮೂವತ್ತೊಂದೋ ಎಂಬ ತೊಡಕಿಲ್ಲ. ಯೂರೋಪಿನಲ್ಲಿ ಸ್ಕಾಲಿಗರ್ ಎಂಬ ವಿದ್ವಾಂಸನು ೧೫೮೩ರಲ್ಲಿ ಕಟ್ಟಿದ ಕಾಲಗಣನೆಯಿಂದ ಬೆಳೆದ ಜೂಲಿಯನ್ ದಿನಸಂಖ್ಯೆಯೂ ಇದೇ ಬಗೆಯದು. ಈಗ ಕಚೇರಿಗಳಲ್ಲಿರುವ ಕಂಪ್ಯೂಟರುಗಳು ಒಳಗೊಳಗೇ ಮಾಡುವುದೂ ಇದನ್ನೇ. ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಕೊಡುವುದು. ಆದರೆ ತುದಿಯ ದಿನವನ್ನು ಹಿಡಿಯಬೇಕೋ ಬಿಡಬೇಕೋ ಎಂಬುದನ್ನು ಅದು ತಾನಾಗಿ ನಿರ್ಣಯಿಸಲಾರದು. ಆ ಮಾತನ್ನು ಮನುಷ್ಯರೇ ತೀರ್ಮಾನಿಸಬೇಕಾಗಿದೆ.

ನಮ್ಮ ಮನೆಗಳ ರೂಢಿಯು ಬಹುಮಟ್ಟಿಗೆ ಎರಡು ತುದಿಗಳನ್ನೂ ಹಿಡಿಯುವುದೇ ಆಗಿದೆ. ಮಗು ಹುಟ್ಟಿದ ದಿನವನ್ನೇ ಒಂದೆಂದು ಎಣಿಸಿ ಹನ್ನೊಂದನೆಯ ದಿನಕ್ಕೆ ಪುಣ್ಯಾಹ ಮಾಡಿಸುವೆವು. ಸೋಮವಾರದ ಸಂತೆಯಿಂದ ಮುಂದಿನ ಸೋಮವಾರದ ಸಂತೆಗೆ ಏಳೇ ದಿನ. ಆದರೂ ಹಳ್ಳಿಯವರು ‘ಎಂಟು ದಿನಕ್ಕೊಮ್ಮೆ ಸಂತೆ’ ಎನ್ನುವರು. ಹದಿನಾಲ್ಕು ದಿನಗಳ ಎರಡು ವಾರವನ್ನು ನಾವೆಲ್ಲರೂ ‘ಹದಿನೈದು ದಿನ’ ಎಂದೇ ಕರೆಯುವೆವು. ಪಾಡ್ಯದಿಂದ ದಶಮಿಯವರೆಗೆ ರಾತ್ರಿಗಳನ್ನು ಎಣಿಸಿದವರಿಗೆ ಅದು ನವರಾತ್ರಿ. ಹಗಲುಗಳನ್ನು ಎಣಿಸಿದವರಿಗೆ ಹತ್ತು ದಿನಗಳ ದಸರೆ. ತಿಥಿಯು ಬೆಳೆದ ವರ್ಷ ಈ ಹತ್ತೂ ನಿಲ್ಲದು: ೨೦೨೫ರಲ್ಲಿ ಮೈಸೂರಿನ ದಸರಾ ಸೆಪ್ಟೆಂಬರು ೨೨ರಿಂದ ಅಕ್ಟೋಬರು ೨ರವರೆಗೆ ಹನ್ನೊಂದು ದಿನ ನಡೆಯಿತು.

ಮನೆಯಲ್ಲಿ ಹೇಗೆ ಎಣಿಸಿದರೂ ಕೆಡುಕಿಲ್ಲ. ಆದರೆ ಈ ರೂಢಿಯನ್ನೇ ನಂಬಿ ಕೋರ್ಟಿನ ಮೆಟ್ಟಲು ಹತ್ತಿದವರಿಗೆ ಅಲ್ಲಿ ಬೇರೆಯ ನಿಯಮವು ಇದಿರಾಗುವುದು. ೧೮೯೭ನೆಯ ಜನರಲ್ ಕ್ಲಾಸಸ್ ಕಾಯಿದೆಯ ೯ನೆಯ ಪ್ರಕರಣದ ಪ್ರಕಾರ, ಇಂಥ ದಿನ‘ದಿಂದ’ ಎಂದಿದ್ದಲ್ಲಿ ಮೊದಲ ದಿನವನ್ನು ಬಿಡತಕ್ಕದ್ದು. ಇಂಥ ದಿನದ‘ವರೆಗೆ’ ಎಂದಿದ್ದಲ್ಲಿ ಕಡೆಯ ದಿನವನ್ನು ಹಿಡಿಯತಕ್ಕದ್ದು. ೧೯೬೩ನೆಯ ಕಾಲಮಿತಿ ಕಾಯಿದೆಯೂ ವಾಯಿದೆಯ ಮೊದಲ ದಿನವನ್ನು ಬಿಡುವುದು. ಮಾರ್ಚ್ ೧ರಂದು ಡಿಕ್ರಿಯಾಗಿ, ಅಪೀಲಿಗೆ ಮೂವತ್ತು ದಿನಗಳ ವಾಯಿದೆಯಿದ್ದರೆ, ಮನೆಯ ರೂಢಿಯಂತೆ ಎಣಿಸಿದವನು ೩೦ಕ್ಕೇ ಕಾಲ ಮುಗಿಯಿತೆಂದು ಕೈಚೆಲ್ಲಿ ಕೂರುವನು. ಕಾನೂನು ಅವನಿಗೆ ೩೧ನೆಯ ತಾರೀಖನ್ನೂ ಕೊಟ್ಟಿದೆ. ಡಿಕ್ರಿಯ ನಕಲು ಪಡೆಯಲು ಬೇಕಾದ ಕಾಲವನ್ನೂ ವಾಯಿದೆಯಿಂದ ಕಳೆಯಲಾಗುವುದು.

‘ಒಂದು ತಿಂಗಳು’ ಎಂಬುದೂ ‘ಮೂವತ್ತು ದಿನ’ ಎಂಬುದೂ ಒಂದೇ ಎಂದು ತಿಳಿಯುವುದು ಇನ್ನೊಂದು ಪ್ರಮಾದ. ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು. ಅದು ಇಪ್ಪತ್ತೆಂಟರಿಂದ ಮೂವತ್ತೊಂದು ದಿನಗಳವರೆಗೆ ಹಿಗ್ಗಬಹುದು, ಕುಗ್ಗಬಹುದು. ೧೮೮೧ನೆಯ ಹುಂಡಿ ಚೆಕ್ಕುಗಳ ಕಾಯಿದೆಯು ಇದಕ್ಕೆ ಒಂದು ಉದಾಹರಣೆಯನ್ನೇ ಕೊಟ್ಟಿದೆ. ೧೮೭೮ನೆಯ ಜನವರಿ ೨೯ರ ತಾರೀಖಿನ ಹುಂಡಿಗೆ ಒಂದು ತಿಂಗಳ ಗಡುವು. ಆ ವರ್ಷದ ಫೆಬ್ರವರಿಯಲ್ಲಿ ೨೯ನೆಯ ತಾರೀಖೇ ಇಲ್ಲ. ಆದುದರಿಂದ ತಿಂಗಳು ೨೮ಕ್ಕೇ ಮುಗಿಯುವುದು. ರಿಯಾಯಿತಿಯ ದಿನಗಳು ಸೇರಿ ಅದರ ಮೂರನೆಯ ದಿನ ಹಣ ಸಲ್ಲಬೇಕಾಗುವುದು. ರಜೆಯ ವಿಷಯದಲ್ಲಿಯೂ ಎಚ್ಚರವಿರಬೇಕು. ಕಡೆಯ ದಿನ ಕೋರ್ಟು ಕಚೇರಿಗಳು ಮುಚ್ಚಿದ್ದರೆ ತೆರೆದ ಮಾರನೆಯ ದಿನ ಕೆಲಸ ನಡೆಯುವುದು. ಹುಂಡಿಯ ಗಡುವು ರಜೆಯ ದಿನ ಬಿದ್ದರೆ ಹಣವು ಅದರ ಹಿಂದಿನ ಕೆಲಸದ ದಿನಕ್ಕೇ ಸಲ್ಲತಕ್ಕದ್ದಾಗುವುದು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ! ಇದನ್ನರಿಯದ ವರ್ತಕನು ಭಾನುವಾರವನ್ನು ನಂಬಿ ಕೆಡಬಹುದು.

ಹಣದ ಮಾತು ಹಾಗಿರಲಿ. ಮನುಷ್ಯನ ಸ್ವಾತಂತ್ರ್ಯವೇ ಈ ಒಂದು ದಿನವನ್ನು ಅವಲಂಬಿಸುವ ಪ್ರಸಂಗವೂ ಉಂಟು. ಬಂಧಿತನ ಮೇಲೆ ಅರವತ್ತು ದಿನಗಳಲ್ಲಿ, ಘೋರವಾದ ಅಪರಾಧಗಳಲ್ಲಿ ತೊಂಬತ್ತು ದಿನಗಳಲ್ಲಿ, ತನಿಖೆ ಮುಗಿಸಿ ಚಾರ್ಜ್‌ಶೀಟನ್ನು ಸಲ್ಲಿಸದೆ ಹೋದರೆ, ಜಾಮೀನು ಕೊಡಲು ಸಿದ್ಧನಾದ ಆತನನ್ನು ಬಿಡತಕ್ಕದ್ದೆಂದು ೧೯೭೩ನೆಯ ದಂಡಪ್ರಕ್ರಿಯಾ ಸಂಹಿತೆಯು ವಿಧಿಸಿದ್ದಿತು. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ. ಮ್ಯಾಜಿಸ್ಟ್ರೇಟರು ರಿಮಾಂಡಿಗೆ ಒಪ್ಪಿಸಿದ ದಿನವು ಈ ಅರವತ್ತರಲ್ಲಿ ಸೇರುವುದೋ ಇಲ್ಲವೋ? ಸುಪ್ರೀಂ ಕೋರ್ಟಿನ ಹಿಂದಿನ ತೀರ್ಪುಗಳಲ್ಲಿಯೇ ಈ ಬಗ್ಗೆ ಭಿನ್ನಾಭಿಪ್ರಾಯವಿದ್ದಿತು. ೨೦೨೩ನೆಯ ಮಾರ್ಚ್ ೨೭ರಂದು ಮೂವರು ನ್ಯಾಯಾಧೀಶರ ಪೀಠವು, ರಿಮಾಂಡಿನ ದಿನವು ಸೇರತಕ್ಕದ್ದೆಂದು ತೀರ್ಮಾನಿಸಿತು. ಮೊದಲ ದಿನವನ್ನು ಬಿಡುವ ಜನರಲ್ ಕ್ಲಾಸಸ್ ಕಾಯಿದೆಯ ನಿಯಮವು ಇಲ್ಲಿ ಅನ್ವಯಿಸದೆಂದೂ ಹೇಳಿತು. ಮಾರ್ಚ್ ೧ರಂದು ರಿಮಾಂಡಾದವನಿಗೆ ಅರವತ್ತನೆಯ ದಿನವು ಏಪ್ರಿಲ್ ೨೯. ಅಲ್ಲಿಯವರೆಗೂ ಚಾರ್ಜ್‌ಶೀಟು ಬಾರದಿದ್ದರೆ ೩೦ರಂದು ಆತನು ಜಾಮೀನನ್ನು ಹಕ್ಕಾಗಿ ಕೇಳಬಹುದು. ಬಂಧನದಲ್ಲಿ ಕಳೆದ ದಿನವನ್ನು ಬಂಧನದ ದಿನವೆಂದೇ ಎಣಿಸುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.

ಹೀಗೆ ಒಂದೇ ದೇಶದಲ್ಲಿ, ಒಂದೇ ಕೋರ್ಟಿನ ಆವರಣದಲ್ಲಿ, ಅಪೀಲುದಾರನಿಗೆ ಮೊದಲ ದಿನವು ಬಿಟ್ಟುಹೋಗುವುದು, ಬಂಧಿತನಿಗೆ ಸೇರುವುದು. ಎರಡಕ್ಕೂ ತಕ್ಕ ಕಾರಣಗಳಿವೆ. ಎರಡರಲ್ಲಿಯೂ ದುರ್ಬಲನಾದವನಿಗೆ ಲಾಭವೇ ಇದೆ. ಆದರೆ ಆ ಕಾರಣಗಳನ್ನು ಬಲ್ಲವರು ವಕೀಲರು. ನೋಟೀಸು ತಲುಪುವುದು ರೈತನಿಗೆ, ವಿಧವೆಗೆ, ಸಣ್ಣ ಅಂಗಡಿಯವನಿಗೆ. ‘ಈ ನೋಟೀಸು ತಲುಪಿದ ಮೂವತ್ತು ದಿನಗಳೊಳಗೆ’ ಎಂಬ ವಾಕ್ಯವನ್ನು ಓದಿ ಅವರು ಬೆರಳು ಮಡಿಸಿ ಎಣಿಸತೊಡಗುವರು. ಎಲ್ಲಿಂದ ತೊಡಗಬೇಕೆಂಬುದನ್ನು ಆ ಕಾಗದವು ಹೇಳುವುದಿಲ್ಲ.

ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ದಿನವನ್ನು ಮೊದಲೇ ಗೊತ್ತುಮಾಡಲು ಸಾಧ್ಯವಿರುವ ಎಲ್ಲ ಆಜ್ಞೆಗಳಲ್ಲಿಯೂ ಕಡೆಯ ದಿನದ ತಾರೀಖನ್ನು, ವಾರದ ಹೆಸರಿನೊಡನೆ, ಅಂಕಿಗಳಲ್ಲಿ ನಮೂದಿಸಬೇಕು. ನೋಟೀಸು ತಲುಪುವ ದಿನವು ಮೊದಲೇ ತಿಳಿಯದಲ್ಲಿ, ‘ತಲುಪಿದ ದಿನವನ್ನು ಬಿಟ್ಟು’ ಎಂಬ ಎರಡು ಮೂರು ಮಾತುಗಳನ್ನು ಸೇರಿಸಿದರೆ ಸಾಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಖಜಾನೆಯಿಂದ ಕಾಸೂ ಬೇಕಿಲ್ಲ. ಗುಮಾಸ್ತರ ಲೇಖನಿಯ ಒಂದು ಸಾಲು ಮಾತ್ರ ಬೇಕು. ಸರಕಾರವು ಪ್ರಜೆಗೆ ಗಡುವನ್ನು ವಿಧಿಸುವಾಗ, ಆ ಗಡುವು ಯಾವ ದಿನ ಮುಗಿಯುವುದೆಂದು ಹೇಳುವ ಹೊಣೆಯೂ ಸರಕಾರದ್ದೇ.